ಗ್ರಾಂ ಸಾಹೇಬರು ಸುಶಿ ತಿನ್ನಲು ಹೋದದ್ದು

ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರೊಬ್ಬರಿಗೆ ಅವರ ಬೀದಿಯವರು ಗ್ರಾಂ ಸಾಹೇಬರು ಎಂದು ಹೆಸರಿಟ್ಟಿದ್ದರು. ಇಟ್ಟವರು ಹೊಗಳಲೆಂದು ಇಟ್ಟದ್ದಲ್ಲ. ಆದರೆ ಸಾಹೇಬರು ಅದನ್ನು ಬಿರುದೆಂದೇ ತಿಳಿದು ಹತ್ತೊಂಬತ್ತು ವರ್ಷಗಳಿಂದ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದರು. ಬೇರೆ ಗಂಡಸರು ಅಂಗಿಯ ಜೇಬಿನಲ್ಲಿ ಕನ್ನಡಕವನ್ನೋ ಪೆನ್ನನ್ನೋ ಇಟ್ಟುಕೊಂಡರೆ ಇವರು ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ಇಟ್ಟುಕೊಳ್ಳುತ್ತಿದ್ದರು. ಬ್ರೆಡ್ಡು ಕೊಂಡರೆ ಅಂಗಡಿಯ ಮುಂದೆಯೇ ತೂಗುವರು. ಅಂಗಡಿಯವನು ಹೆದರಿ ಒಂದು ಬಿಸ್ಕತ್ತು ಹೆಚ್ಚಿಗೆ ಕೊಟ್ಟರೆ ಅದನ್ನೂ ಬಿಡುವವರಲ್ಲ. ಕಮ್ಮಿಯೂ ತಪ್ಪು, ಹೆಚ್ಚೂ ತಪ್ಪು, ಸರಿ ಎಂದರೆ ಸರಿಯಾಗಿಯೇ ಇರಬೇಕು ಎಂಬುದು ಅವರ ಧರ್ಮ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಹಿರಿಯರು ಇಂಥವರನ್ನು ನೋಡಿಯೇ ಕಟ್ಟಿರಬೇಕು. ಅದರ ಮೊದಲರ್ಧ ಮಾತ್ರ ಸಾಹೇಬರ ಕಿವಿಗೆ ಬಿದ್ದಿತ್ತು.

ಅವರ ಮನೆಯಲ್ಲಿ ನಾಲ್ಕು ಜನ: ಸಾಹೇಬರು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮತ್ತು ಸಾಹೇಬರ ತಂದೆ. ಈ ಮುದುಕರನ್ನು ಮನೆಯವರೂ ಬೀದಿಯವರೂ ತಾತ ಎಂದೇ ಕರೆಯುತ್ತಿದ್ದರು. ಹಿಂದೆ ಇವರೆಲ್ಲ ಒಟ್ಟಿಗೆ ಹೋಟೆಲಿಗೆ ಹೋಗುವುದಿತ್ತು. ಹೋದಲ್ಲೆಲ್ಲ ಸಾಹೇಬರು ತಟ್ಟೆಯನ್ನು ಮೊದಲು ತಮ್ಮ ಕಡೆಗೆ ಎಳೆದುಕೊಳ್ಳುವರು, ತೂಗುವರು, ಮೆನು ಕಾರ್ಡಿನಲ್ಲಿ ಬರೆದದ್ದಕ್ಕೆ ಹೋಲಿಸುವರು, ಮ್ಯಾನೇಜರನ್ನು ಕರೆಸುವರು. ಅಷ್ಟರಲ್ಲಿ ಊಟ ಆರಿ ತಣ್ಣಗಾಗುತ್ತಿತ್ತು. ನಾಲ್ಕು ವರ್ಷದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ತರಿಸಿದ ಅರ್ಧ ಕೆಜಿ ಕೇಕು ನಾನೂರ ಎಪ್ಪತ್ತು ಗ್ರಾಂ ಬಂತು. ಮೇಣದಬತ್ತಿ ಉರಿಯುತ್ತಿದ್ದಂತೆಯೇ ಸಾಹೇಬರು ಕೇಕನ್ನು ಸಾಕ್ಷಿಯೆಂದು ಜಪ್ತಿ ಮಾಡಿದರು. ಮೇಣದಬತ್ತಿ ತಾನಾಗಿಯೇ ಆರಿತು. ಮಗಳ ಗೆಳತಿಯರು ಒಬ್ಬೊಬ್ಬರಾಗಿ ಎದ್ದು ಹೋದರು.

ಅಲ್ಲಿಂದಾಚೆಗೆ ಮನೆಯವರಿಗೆಲ್ಲ ಹೊರಗಿನ ಊಟ ಸೇರದಾಯಿತು. ಮಗಳಿಗೆ ವಾಕರಿಕೆ, ತಾತನಿಗೆ ಹೊಟ್ಟೆಯುಬ್ಬರ, ಹೆಂಡತಿಗೆ ಮನೆಯ ಅನ್ನವೇ ಹಿತ. ಸಾಹೇಬರು ಆಗಾಗ ಕರೆದು ನೋಡುವರು. ಇವರು ಒಲ್ಲೆ ಎನ್ನುವರು. ಮನೆಯಲ್ಲೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಂಡು ಏಳುತ್ತಿದ್ದರಿಂದ, ಒಂದು ಮೇಜಿನ ಸುತ್ತ ನಾಲ್ವರೂ ಕೂತು ನಾಲ್ಕು ವರ್ಷವಾಗಿತ್ತು. ಸಾಹೇಬರಿಗೆ ಇದು ಒಳಗೊಳಗೇ ಕೊರೆಯುತ್ತಿತ್ತು. ಹೊರಗೆ ಹೇಳಿಕೊಳ್ಳುವ ಮನುಷ್ಯ ಅಲ್ಲ, ಅಷ್ಟೆ.

ಆದರೂ ಮನೆಯವರ ಪ್ರೀತಿಯ ಬಗ್ಗೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಶನಿವಾರ ಬಿಟ್ಟು ಶನಿವಾರ ದೂರದ ಸಂತೆಗಳಲ್ಲಿ ಅವರಿಗೆ ತಪಾಸಣೆಯ ಕ್ಯಾಂಪು ಇರುತ್ತಿತ್ತು. ಆ ದಿನಗಳಲ್ಲಿ ಮನೆಯವರ ಸಂಭ್ರಮ ನೋಡಬೇಕು. ಹೆಂಡತಿ ಬೆಳಗಿನ ಐದಕ್ಕೇ ಎದ್ದು ಬುತ್ತಿ ಕಟ್ಟುವಳು. ಎಂಟಾದರೂ ಹಾಸಿಗೆ ಬಿಡದ ಮಗಳು ತಾನಾಗಿ ಎದ್ದು ಬೂಟಿಗೆ ಪಾಲಿಶ್ ಹಾಕುವಳು. ತಾತ ಮಂಡಿ ನೋವನ್ನೂ ಲೆಕ್ಕಿಸದೆ ಗೇಟಿನವರೆಗೆ ಬಂದು, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿರುವರು. ಇಂಥ ಮನೆ ಯಾರಿಗಿದೆ ಎಂದು ಸಾಹೇಬರು ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳುತ್ತಿದ್ದರು.

ಹೀಗಿರುವಾಗ ಕಚೇರಿಗೆ ಹೊಸ ಡೆಪ್ಯುಟಿ ಕಂಟ್ರೋಲರು ಬಂದರು. ತರಬೇತಿಗೆಂದು ಆರು ತಿಂಗಳು ಜಪಾನಿನಲ್ಲಿದ್ದು ಬಂದವರು. ಬಂದ ವಾರದಲ್ಲೇ ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು ಅಲ್ಲಿನ ತಕ್ಕಡಿಗಳ ಬಗ್ಗೆ ಹತ್ತು ನಿಮಿಷ, ಅಲ್ಲಿನ ಊಟದ ಬಗ್ಗೆ ಐವತ್ತು ನಿಮಿಷ ಮಾತನಾಡಿದರು.

"ನಿಮ್ಮಲ್ಲಿ ಯಾರಿಗಾದ್ರೂ ಸುಶಿ ಗೊತ್ತೇನ್ರೀ?" ಎಂದು ಕೊನೆಗೆ ಕೇಳಿದರು. "ಅನ್ನದ ಮೇಲೆ ಹಸಿ ಮೀನು. ಕೇಳಿದ್ರೆ ಮುಖ ಸಿಂಡರಿಸ್ತಾರೆ. ತಿಂದೋರಿಗೇ ಗೊತ್ತು. ಒಬ್ಬನೇ ಕೂತು ತಿನ್ನೋ ಪದಾರ್ಥ ಅಲ್ಲ ಅದು. ಮನೆ ಮಂದಿಯೆಲ್ಲ ಸಾಲಾಗಿ ಕೂತು, ನಗ್ತಾ ನಗ್ತಾ ತಿನ್ಬೇಕು."

ಟೈಪಿಸ್ಟು ತನ್ನ ಉಗುರು ನೋಡಿಕೊಂಡಳು. ಹಿರಿಯ ಗುಮಾಸ್ತರು ಫ್ಯಾನು ನೋಡಿದರು. ಅಷ್ಟರಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು. ನೋಡಿದರೆ ಗ್ರಾಂ ಸಾಹೇಬರು.

"ಗೊತ್ತು ಸರ್. ನಮ್ಮನೇಲಿ ಎಲ್ರಿಗೂ ಸುಶಿ ಅಂದ್ರೆ ಪ್ರಾಣ. ತಿಂಗಳಿಗೆ ಎರಡು ಸಲ ಎಲ್ರೂ ಒಟ್ಟಿಗೆ ಹೋಗ್ಲೇಬೇಕು. ತಪ್ಪಿಸಿದ್ರೆ ಮಗಳು ಮಾತು ಬಿಡ್ತಾಳೆ."

ಎರಡು ಗ್ರಾಂ ಮೋಸವನ್ನು ಸಹಿಸದ ಮನುಷ್ಯ ಒಂದು ಕ್ವಿಂಟಲ್ ಸುಳ್ಳನ್ನು ಒಂದೇ ಉಸಿರಿನಲ್ಲಿ ಹೇಗೆ ಹೇಳಿದರು ಎಂದು ನೀವು ಕೇಳಬಹುದು. ಅವರಿಗೇ ಗೊತ್ತಿರಲಿಲ್ಲ. ಮನೆ ಮಂದಿಯೆಲ್ಲ ಸಾಲಾಗಿ ಕೂತು ಎಂಬ ಮಾತು ಕೇಳಿದಾಗ ಎದೆಯಲ್ಲಿ ಏನೋ ಎದ್ದಿತು, ಅದು ನಾಲಿಗೆಗೆ ಬಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡೆಪ್ಯುಟಿಯವರು ಎದ್ದು ಬಂದು ಅವರ ಕೈ ಕುಲುಕಿದರು.

"ಸ್ಟೇಷನ್ ಹಿಂದಿನ ಬೀದೀಲಿ ಒಂದು ಜಪಾನಿ ಹೋಟ್ಲು ಇದೆಯಂತಲ್ಲ, ಅಲ್ಲಿಗೇ ಹೋಗ್ತೀರಾ? ಸರಿ ಹಾಗಾದ್ರೆ. ಬರೋ ಭಾನುವಾರ ಮಧ್ಯಾಹ್ನ ನಾನೂ ನನ್ನ ಹೆಂಡ್ತೀನೂ ಬರ್ತೀವಿ. ನಿಮ್ಮ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ. ಏನೇನು ತಿನ್ಬೇಕು ನೀವೇ ಹೇಳ್ಬೇಕು."

ಸಾಹೇಬರು ಆ ಸಂಜೆ ಮನೆಗೆ ಬಂದಾಗ ಅವರಿಗೆ ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು. ಕಚೇರಿಯ ಕೆಲಸ ಎಂದ ಮೇಲೆ ಮನೆಯವರು ಒಲ್ಲೆ ಎನ್ನುವಂತಿಲ್ಲ. ಮೂವರನ್ನೂ ಕೂರಿಸಿ, ನಡೆದದ್ದನ್ನು ಹೇಳಿ, ತಾವು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡರು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾತನಿಗೆ ಕೆಮ್ಮು ಬಂತು.

"ಯಾವ ಹೋಟ್ಲಿಗೆ ಅಂದ್ರಿ?" ಎಂದಳು ಹೆಂಡತಿ.

"ಜಪಾನಿ ಹೋಟ್ಲು."

"ಬೇಡಾರೀ. ಆ ಸ್ಟೇಷನ್ ಹತ್ರ ಭಾನುವಾರ ಗಲಾಟೆ ಜಾಸ್ತಿ. ಬೇರೆ ಎಲ್ಲಿಗಾದ್ರೂ ಹೋಗೋಣ."

ಹೋಟೆಲು ಸ್ಟೇಷನ್ ಹತ್ತಿರ ಇದೆಯೆಂದು ಸಾಹೇಬರು ಇನ್ನೂ ಹೇಳಿರಲಿಲ್ಲ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಓಲಿದರೂ ಹಿಡಿಯುವ ಆ ಕಣ್ಣು ಇಷ್ಟು ದೊಡ್ಡ ಓಲಾಟವನ್ನು ಕಾಣಲಿಲ್ಲ.

"ಅಪ್ಪ, ನನಗೆ ಭಾನುವಾರ ಸ್ಪೆಷಲ್ ಕ್ಲಾಸಿದೆ," ಎಂದಳು ಮಗಳು.

"ನನಗೆ ಹೊಟ್ಟೆಯುಬ್ಬರ," ಎಂದರು ತಾತ. "ಹಸಿ ಮೀನು ಅಂತೀಯ. ಈ ವಯಸ್ಸಲ್ಲಿ ನನ್ನ ಯಾಕೋ ಕೊಲ್ತೀಯ?"

"ಒಂದೇ ಒಂದು ಸಲ," ಎಂದರು ಸಾಹೇಬರು. "ನನ್ನ ಮರ್ಯಾದೆ ಪ್ರಶ್ನೆ." ಅವರ ದನಿ ಸ್ವಲ್ಪ ಸಣ್ಣದಾಯಿತು. ಅದನ್ನು ಕೇಳಿ ಹೆಂಡತಿ ತಲೆ ತಗ್ಗಿಸಿ ಆಗಲಿ ಎಂದಳು.

ತರಬೇತಿ ಮರುದಿನದಿಂದಲೇ ಶುರುವಾಯಿತು. ಮಗಳ ಹೆಣಿಗೆ ಕಡ್ಡಿಗಳೇ ಸುಶಿ ಕಡ್ಡಿಗಳಾದವು. ಅನ್ನದ ಮುದ್ದೆಯ ಮೇಲೆ ಕ್ಯಾರೆಟ್ ಹೋಳಿಟ್ಟು ಅದನ್ನೇ ಮೀನೆಂದು ತಿಳಿಯಬೇಕು ಎಂದು ಆಜ್ಞೆಯಾಯಿತು. ಮುದ್ದೆ ತಲಾ ಮೂವತ್ತು ಗ್ರಾಂ. ಗ್ರಂಥಾಲಯದಲ್ಲಿ ಓದಿ ಬರೆದುಕೊಂಡು ಬಂದ ಚೀಟಿ ಹಿಡಿದು ಸಾಹೇಬರು ಪಾಠ ಮಾಡಿದರು. ಹಸಿರು ಮುದ್ದೆಯೊಂದು ಕೊಡುತ್ತಾರೆ, ಅದು ಖಾರ, ಎಚ್ಚರ. ಶುಂಠಿ ಕೊಡುತ್ತಾರೆ, ನಡುನಡುವೆ ತಿನ್ನಬೇಕು. ತಾತ ಕೈ ನಡುಗಿಸಿ ಕಡ್ಡಿ ಬೀಳಿಸಿದರು. ಹೆಂಡತಿ ಕಡ್ಡಿಯನ್ನು ತಲೆಕೆಳಗಾಗಿ ಹಿಡಿದಳು. ಮಗಳು ಮಾತ್ರ ಸ್ಪೆಷಲ್ ಕ್ಲಾಸಿನ ಬಗ್ಗೆ ವಾದ ಮಾಡುತ್ತ ಮಾಡುತ್ತ ಮೈಮರೆತು, ತಟ್ಟೆಯ ಅಂಚಿನಲ್ಲಿದ್ದ ಒಂದೇ ಒಂದು ಅನ್ನದ ಅಗುಳನ್ನು ಕಡ್ಡಿಯಿಂದ ಎತ್ತಿ ಬಾಯಿಗೆ ಹಾಕಿಕೊಂಡಳು.

"ನೋಡಿದ್ರಾ," ಎಂದರು ಸಾಹೇಬರು. "ನಾನು ಹೇಳ್ಕೊಟ್ಟು ಹತ್ತು ನಿಮಿಷ ಆಗಿಲ್ಲ."

ಮೇಲಿನ ಮನೆಯ ನಿವೃತ್ತ ನರ್ಸಮ್ಮ ಅದೇ ಹೊತ್ತಿಗೆ ಏನೋ ಕೇಳಲು ಇಳಿದು ಬಂದರು. ಶನಿವಾರಗಳಂದು ಈ ಮನೆಯ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು ಎಂಬುದು ಸಾಹೇಬರಿಗೆ ಗೊತ್ತಿರಲಿಲ್ಲ.

"ಏನ್ ಸಾಹೇಬ್ರೇ, ಏನಿದು?"

"ಸುಶಿ ತಿನ್ನೋದು ಹೇಗೆ ಅಂತ ಇವರಿಗೆ ಕಲಿಸ್ತಾ ಇದೀನಿ."

"ಇವರಿಗಾ?" ಎಂದರು ನರ್ಸಮ್ಮ. ಆಮೇಲೆ ಹೆಂಡತಿಯ ಕಣ್ಣನ್ನು ನೋಡಿ, "ಕಲಿಸಿ, ಕಲಿಸಿ. ವಿದ್ಯೆಗೆ ವಯಸ್ಸಿಲ್ಲ," ಎಂದು ಬಾಯಿಗೆ ಸೆರಗು ಒತ್ತಿಕೊಂಡು ಬಂದ ಕೆಲಸ ಮರೆತು ಮೆಟ್ಟಿಲು ಹತ್ತಿದರು.

ಭಾನುವಾರ ಬಂತು. ಡೆಪ್ಯುಟಿ ದಂಪತಿ ಹೋಟೆಲಿನ ಬಾಗಿಲಲ್ಲೇ ಸಿಕ್ಕರು. ಒಳಗೆ ಕಾಲಿಟ್ಟ ಕೂಡಲೇ ಬಾಣಸಿಗ, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲರೂ ಒಂದೇ ದನಿಯಲ್ಲಿ ಜಪಾನಿ ಭಾಷೆಯಲ್ಲಿ ಸ್ವಾಗತ ಕೂಗಿದರು. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಸಾಹೇಬರು ಹೊಕ್ಕ ಅಂಗಡಿಗಳಲ್ಲಿ ದನಿ ಅಡಗಿದ್ದುಂಟು, ಎದ್ದದ್ದಿಲ್ಲ. ಅವರು ಗಾಬರಿಯಿಂದ ಜೇಬಿಗೆ ಕೈ ಹಾಕಿ ಗುರುತಿನ ಚೀಟಿ ತೆಗೆದು ಹಿಡಿದರು.

ಅದನ್ನು ಯಾರೂ ನೋಡಲಿಲ್ಲ. ಬಡಿಸುವ ಹೆಂಗಸು ನೇರವಾಗಿ ಅವರ ಹೆಂಡತಿಯ ಹತ್ತಿರ ಬಂದಳು.

"ಬನ್ನಿ ಅಕ್ಕಾ. ಇದೇನು ಭಾನುವಾರ ಬಂದ್ಬಿಟ್ರಿ? ತಾತ, ಮಂಡಿ ನೋವು ಹೇಗಿದೆ? ನಿಮ್ಮ ಮೂಲೆ ಟೇಬಲ್ ಖಾಲಿ ಇದೆ, ಬನ್ನಿ."

ಹೆಂಡತಿಯ ಮುಖ ಬಿಳಿಚಿಕೊಂಡಿತು. ಸಾಹೇಬರ ಮುಖ ಅರಳಿತು. ಅವರಿಗೆ ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾಯಿತು, ತಪ್ಪಾಗಿ ಅರ್ಥವಾಯಿತು. ಗಂಡನ ಮಾನ ಉಳಿಸಲು ಈ ಹೆಣ್ಣು ಯಾರಿಗೂ ಹೇಳದೆ ಮೊದಲೇ ಬಂದು, ಹೋಟೆಲಿನವರಿಗೆ ಹೇಳಿಕೊಟ್ಟು, ನಾಟಕವನ್ನೇ ಕಟ್ಟಿದ್ದಾಳೆ. ಅಪ್ಪನ ಮಂಡಿ ನೋವನ್ನೂ ಬಿಟ್ಟಿಲ್ಲ. ಸಾಹೇಬರ ಕಣ್ಣಲ್ಲಿ ನೀರು ಬಂತು.

"ಪರವಾಗಿಲ್ವೇ," ಎಂದರು ಡೆಪ್ಯುಟಿಯವರು. "ನಿಮ್ಮನೆ ಥರಾನೇ ಇದೆಯಲ್ಲ ಇದು."

"ಎಲ್ಲ ಅವಳ ಅಭ್ಯಾಸ ಸರ್," ಎಂದರು ಸಾಹೇಬರು.

ಮೂಲೆಯ ಮೇಜಿಗೆ ನಾಲ್ಕೇ ಕುರ್ಚಿ. ಹೆಂಡತಿ, ಮಗಳು, ತಾತ, ಡೆಪ್ಯುಟಿಯವರ ಹೆಂಡತಿ ಅಲ್ಲಿ ಕೂತರು. ಗಂಡಸರಿಬ್ಬರೂ ಬಾಣಸಿಗನ ಎದುರಿನ ಕೌಂಟರಿನಲ್ಲಿ ಕೂತರು. ಒಂದೇ ಮೇಜು ಸಿಗಲಿಲ್ಲವಲ್ಲ ಎಂದು ಸಾಹೇಬರ ಮನಸ್ಸು ಒಂದು ಕ್ಷಣ ಚುಳ್ ಎಂದಿತು. ಆದರೂ ಒಂದೇ ಸೂರು, ಒಂದೇ ಊಟ. ಕತ್ತು ತಿರುಗಿಸಿದರೆ ಮೂವರೂ ಕಾಣುತ್ತಿದ್ದರು.

ಕೌಂಟರಿನಿಂದ ಮೂಲೆಯ ಮೇಜಿನವರೆಗೂ ಒಂದು ಸಣ್ಣ ಬೆಲ್ಟು ಸದ್ದಿಲ್ಲದೆ ಸುತ್ತುತ್ತಿತ್ತು. ಅದರ ಮೇಲೆ ಪುಟ್ಟ ತಟ್ಟೆಗಳು. ತಟ್ಟೆಗೆ ಎರಡರಂತೆ ಸುಶಿ: ಬೆರಳುದ್ದದ ಅನ್ನದ ಮುದ್ದೆ, ಅದರ ಮೇಲೆ ಹೊಳೆಯುವ ಮೀನಿನ ಹೋಳು. ಬೇಕಾದವರು ಬೇಕಾದ ತಟ್ಟೆಯನ್ನು ಎತ್ತಿಕೊಳ್ಳಬೇಕು. ಮೂಲೆಯಲ್ಲಿ ಮಗಳು ಬೆಲ್ಟು ನೋಡದೆಯೇ ಕೈ ಚಾಚಿ ತಟ್ಟೆ ಎತ್ತುತ್ತಿದ್ದಳು. ಬಡಿಸುವ ಹೆಂಗಸು ಕೇಳದೆಯೇ ತಾತನಿಗೆ ಮೊಟ್ಟೆಯ ಸುಶಿಯನ್ನು ಮೂರು ತುಂಡು ಮಾಡಿ ತಂದಿಟ್ಟಳು. ಅವರ ಹಲ್ಲು ಸಡಿಲ. ಇಷ್ಟು ಸಣ್ಣ ವಿವರವನ್ನೂ ಬಿಡದೆ ಹೇಳಿಕೊಟ್ಟಿದ್ದಾಳಲ್ಲ ಎಂದು ಸಾಹೇಬರು ಬೆರಗಾದರು. ಡೆಪ್ಯುಟಿಯವರ ಹೆಂಡತಿ ಅಲ್ಲಿ ಏನಕ್ಕೋ ಗೊಳ್ಳೆಂದು ನಕ್ಕರು. ತಾತನೂ ನಕ್ಕರು. ತಂದೆ ನಗುವುದನ್ನು ನೋಡಿ ಎಷ್ಟು ದಿನವಾಯಿತು ಎಂದು ಸಾಹೇಬರು ಎಣಿಸಲು ಹೊರಟು ಅರ್ಧಕ್ಕೆ ಬಿಟ್ಟರು.

ಈಗ ಅವರು ಸುಮ್ಮನೆ ಒಂದು ತಟ್ಟೆ ಎತ್ತಿಕೊಂಡು ತಿಂದಿದ್ದರೆ ಈ ಕಥೆ ಇಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಹಸಿರು ಮುದ್ದೆಯ ಬಗ್ಗೆ ಎಚ್ಚರವಾಗಿದ್ದರು, ಅದನ್ನು ಮುಟ್ಟಲಿಲ್ಲ. ಆದರೆ ಮೊದಲ ತಟ್ಟೆ ಎತ್ತಿದಾಗಲೇ ಅವರ ಕಣ್ಣಿಗೆ ಬಿತ್ತು: ಎರಡು ಸುಶಿಯಲ್ಲಿ ಒಂದು ಕೊಂಚ ಸಣ್ಣದು. ಅವರು ಕಣ್ಣು ಬೇರೆಡೆ ಹೊರಳಿಸಿದರು. ನೀರು ಕುಡಿದರು. ಡೆಪ್ಯುಟಿಯವರು ಮೂರು ತಟ್ಟೆ ಮುಗಿಸುವವರೆಗೂ ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತರು. ಹುಟ್ಟುಗುಣ ಸುಟ್ಟರೂ ಹೋಗದು. ಕೊನೆಗೆ ಕೈ ತಾನಾಗಿ ಜೇಬಿಗೆ ಹೋಯಿತು.

ಒಂದು ಮೂವತ್ಮೂರು ಗ್ರಾಂ, ಇನ್ನೊಂದು ಮೂವತ್ತೊಂದು.

ಒಂದೇ ತಟ್ಟೆಯಿಂದ ತೀರ್ಮಾನಕ್ಕೆ ಬರುವುದು ನಿಯಮಕ್ಕೆ ವಿರುದ್ಧ. ಕನಿಷ್ಠ ಐದು ಮಾದರಿ ಬೇಕು. ಸಾಹೇಬರು ಆ ತಟ್ಟೆಯನ್ನು ಬೆಲ್ಟಿನ ಮೇಲೆ ವಾಪಸು ಇಟ್ಟು ಇನ್ನೊಂದನ್ನು ಎತ್ತಿದರು. ಬೆರಳಲ್ಲಿ ಸುಶಿಯನ್ನು ಹಿಡಿದು ತೂಗಿದರು, ಇಟ್ಟರು. ಮತ್ತೊಂದು ಎತ್ತಿದರು. ಎತ್ತಿದ ತಟ್ಟೆಯನ್ನು ಬೆಲ್ಟಿಗೆ ಮರಳಿ ಇಡಬಾರದು ಎಂಬುದು ಅಂಥ ಹೋಟೆಲುಗಳ ಮೊದಲ ಪಾಠ. ಅದು ಅವರ ಚೀಟಿಯಲ್ಲಿ ಇರಲಿಲ್ಲ. ಮೂರನೆಯ ತಟ್ಟೆ ಇಟ್ಟು ನಾಲ್ಕನೆಯದಕ್ಕೆ ಕೈ ಹಾಕುವ ಹೊತ್ತಿಗೆ ಬಡಿಸುವ ಹೆಂಗಸು ನೋಡಿದಳು.

"ಬೆಲ್ಟ್ ನಿಲ್ಸಿ, ಬೆಲ್ಟ್ ನಿಲ್ಸಿ."

ಬೆಲ್ಟು ನಿಂತಿತು. ಹೋಟೆಲಿನ ಮಾತೆಲ್ಲ ನಿಂತಿತು. ಯಾವ ತಟ್ಟೆಗೆ ಬೆರಳು ತಾಗಿದೆಯೋ ಯಾವುದಕ್ಕಿಲ್ಲವೋ ತಿಳಿಯದೆ ಇಬ್ಬರು ಬಂದು ಬೆಲ್ಟಿನ ಮೇಲಿದ್ದ ಅಷ್ಟೂ ತಟ್ಟೆಗಳನ್ನು ಬಕೆಟ್ಟಿಗೆ ಸುರಿದರು. ಊಟಕ್ಕೆ ಬಂದವರೆಲ್ಲ ಕಡ್ಡಿ ಹಿಡಿದುಕೊಂಡು ಕಾದರು. ಸಾಹೇಬರು ಮೂಲೆಯ ಕಡೆ ನೋಡಿದರು. ಅವರ ಮನೆಯ ಮೂವರೂ ತಲೆ ತಗ್ಗಿಸಿ ಮೇಜನ್ನೇ ನೋಡುತ್ತಿದ್ದರು. ಆ ಭಂಗಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಹೋಟೆಲುಗಳಲ್ಲಿ ನೋಡಿದ್ದರು, ಆಗೆಲ್ಲ ಅದನ್ನು ಹಸಿವು ಎಂದುಕೊಂಡಿದ್ದರು.

ಬಾಣಸಿಗ ಕೈ ಒರೆಸಿಕೊಂಡು ಹತ್ತಿರ ಬಂದ. ಒಳ್ಳೆಯ ಮನುಷ್ಯ, ಬೈಯಲಿಲ್ಲ.

"ಮೊದಲ ಸಲಾನಾ ಸರ್ ಸುಶಿ? ಆಗುತ್ತೆ ಬಿಡಿ."

ಡೆಪ್ಯುಟಿಯವರು ನಿಧಾನವಾಗಿ ಸಾಹೇಬರ ಕಡೆ ತಿರುಗಿದರು. ಅಷ್ಟರಲ್ಲಿ ಬಾಣಸಿಗನ ಕಣ್ಣು ಕೌಂಟರಿನ ಮೇಲಿದ್ದ ತಕ್ಕಡಿಯ ಮೇಲೆ ಬಿತ್ತು. ಕೌಂಟರಿನ ಇವರಿಬ್ಬರೂ ಮೂಲೆಯವರ ಜೊತೆಗೇ ಬಂದವರೆಂದು ತಿಳಿಯದ ಅವನ ಮುಖದ ತುಂಬ ನಗು ಹರಡಿತು.

"ಅಯ್ಯೋ ಇದಾ. ತಾತ ಹೇಳೋದು ಇದೇ ಇರ್ಬೇಕು."

"ಯಾವ ತಾತ?" ಎಂದರು ಡೆಪ್ಯುಟಿಯವರು.

"ಅದೇ, ಆ ಮೂಲೆ ಟೇಬಲ್ ತಾತ. ಅವರ ಮನೇಲಿ ಒಬ್ಬ ಆಫೀಸರು ಇದಾನಂತೆ ಸರ್. ಏನು ಕೊಟ್ರೂ ತೂಕ ಮಾಡ್ತಾನಂತೆ. ತಾತ ಅದನ್ನ ಮಾಡಿ ತೋರಿಸ್ತಾರೆ ನೋಡಿ, ಕಣ್ಣು ಕಿರಿದು ಮಾಡ್ಕೊಂಡು, ಸುಶಿ ಅಂಗೈ ಮೇಲೆ ಇಟ್ಕೊಂಡು, 'ಎರಡು ಗ್ರಾಂ ಕಮ್ಮಿ, ಕೇಸ್ ಹಾಕಿ' ಅಂತಾರೆ. ನಾವೆಲ್ಲ ಬಿದ್ದು ಬಿದ್ದು ನಗ್ತೀವಿ. ಅವರು ಬಂದ್ರೆ ನಮಗೂ ಒಂದು ಕಳೆ."

"ಆಗಾಗ ಬರ್ತಾರಾ?"

"ಶನಿವಾರ ಬಿಟ್ಟು ಶನಿವಾರ. ನಾಲ್ಕು ವರ್ಷದಿಂದ ಒಂದೂ ತಪ್ಪಿಸಿಲ್ಲ. ಆ ಪುಣ್ಯಾತ್ಮನಿಗೆ ಆವತ್ತು ಕ್ಯಾಂಪಂತೆ. ಅವನು ಬಸ್ ಹತ್ತಿದ ಅಂದ್ರೆ ಇವರು ಆಟೋ ಹತ್ತಿದ್ರು ಅಂತ."

ಸಾಹೇಬರು ತಕ್ಕಡಿಯ ಮೇಲೆ ಕೈ ಮುಚ್ಚಿ ಕೂತಿದ್ದರು. ತಾವು ಹೇಳಿದ್ದು ಸುಳ್ಳಾಗಿರಲಿಲ್ಲ. ಅವರ ಮನೆಯಲ್ಲಿ ಎಲ್ಲರಿಗೂ ಸುಶಿ ಎಂದರೆ ಪ್ರಾಣ. ತಿಂಗಳಿಗೆ ಎರಡು ಸಲ ಎಲ್ಲರೂ ಒಟ್ಟಿಗೆ ಹೋಗುತ್ತಿದ್ದರು. ಎಲ್ಲರೂ ಎಂಬುದರಲ್ಲಿ ತಾವು ಮಾತ್ರ ಸೇರಿರಲಿಲ್ಲ.

ಬಾಣಸಿಗನಿಗೆ ಕಥೆ ಹೇಳುವ ಹುರುಪು ಬಂದಿತ್ತು. ಆದರೆ ಈಗ ಅವನ ದನಿ ತಗ್ಗಿತು.

"ತಮಾಷೆ ಇರ್ಲಿ ಸರ್. ಆ ಹುಡುಗಿ ಮೊದಲ ಸಲ ಬಂದಾಗ ತಟ್ಟೆ ಮುಂದೆ ಇಟ್ರೂ ಮುಟ್ಲಿಲ್ಲ. ಐದು ನಿಮಿಷ ಸುಮ್ನೆ ಕೂತಿತ್ತು. ಯಾಕಮ್ಮಾ ಅಂದೆ. 'ಈಗ ತಿನ್ಬಹುದಾ?' ಅಂತ ಅವಳ ಅಮ್ಮನ್ನ ಕೇಳ್ತು. ಯಾರೋ ತೂಕ ಹಾಕಿ ಮುಗಿಸೋ ತನಕ ಕಾದು ಕಾದು ಅಭ್ಯಾಸ ಆಗಿತ್ತು, ಪಾಪ."

ಬಾಣಸಿಗ ಸಾಹೇಬರ ಜೇಬಿನಿಂದ ಇಣುಕುತ್ತಿದ್ದ ಗುರುತಿನ ಚೀಟಿ ನೋಡಿ, "ನೀವೂ ಅದೇ ಇಲಾಖೇನಾ ಸರ್? ಹಾಗಾದ್ರೆ ಆ ಮನುಷ್ಯನ್ನ ನೋಡಿರ್ಬೇಕು," ಎಂದ.

"ನೋಡಿದೀನಿ," ಎಂದರು ಗ್ರಾಂ ಸಾಹೇಬರು. "ಅಷ್ಟು ಪರಿಚಯ ಇಲ್ಲ."

ಬೆಲ್ಟು ಮತ್ತೆ ಓಡಿತು, ಹೊಸ ತಟ್ಟೆಗಳು ಬಂದವು. ಸಾಹೇಬರು ಒಂದನ್ನೂ ಎತ್ತಲಿಲ್ಲ. ಡೆಪ್ಯುಟಿಯವರು, ನಮ್ಮವಳು ಏನು ಮಾಡ್ತಾ ಇದಾಳೋ ನೋಡ್ತೀನಿ ಎಂದು ಕುರ್ಚಿಯನ್ನು ಎಳೆದುಕೊಂಡು ಮೂಲೆಯ ಮೇಜಿಗೆ ಹೋದರು. ಅಲ್ಲಿ ಸರಿದು ಜಾಗ ಮಾಡಿಕೊಟ್ಟರು. ಐವರಿಗೆ ಸಾಲುತ್ತಿತ್ತು.

ಮನೆಗೆ ಬಂದ ಮೇಲೆ ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ತಾತ ನಿಜವಾಗಿಯೂ ಹೊಟ್ಟೆಯುಬ್ಬರವೆಂದು ಮಲಗಿದರು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಹೆಂಡತಿಯ ಹಿಂದೆ ಸಾಹೇಬರು ಹೋಗಿ ನಿಂತರು.

"ಎಷ್ಟು ದಿನದಿಂದ?"

"ಕೇಕಿನ ದಿನ ಆದ್ಮೇಲೆ."

"ನನಗೆ ಒಂದು ಮಾತು ಹೇಳ್ಬಹುದಿತ್ತು."

"ಹೇಳಿದ್ವಿ," ಎಂದಳು ಆಕೆ, ತಿರುಗದೆ. "ಎಷ್ಟೋ ಸಲ ಹೇಳಿದ್ವಿ. ನೀವು ಆಗೆಲ್ಲ ತೂಕ ನೋಡ್ತಾ ಇರ್ತಿದ್ರಿ."

ಸಾಹೇಬರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಾಚಿಕೆ ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡು ಅವರು ಹಜಾರದಲ್ಲಿ ಕೂತು ಒಂದು ವಾಕ್ಯ ಕಟ್ಟಿದರು. ಬರೋ ಶನಿವಾರ ಕ್ಯಾಂಪಿಲ್ಲ, ನಾನೂ ಬರ್ತೀನಿ, ತಕ್ಕಡಿ ತರಲ್ಲ, ಮಾತೂ ಆಡಲ್ಲ, ನಿಮ್ಮ ಜೊತೆ ಕೂತಿರ್ತೀನಿ. ಇದನ್ನು ಸೋಮವಾರ ಹೇಳಬೇಕೆಂದುಕೊಂಡರು, ಆಗಲಿಲ್ಲ. ಮಂಗಳವಾರ ಹೇಳಲು ಹೋಗಿ ಉಪ್ಪು ಕೊಡು ಎಂದು ಕೇಳಿ ಬಂದರು. ಬುಧವಾರ ಸಂಜೆ ಮಗಳು ಫೋನಿನಲ್ಲಿ ಮಾತನಾಡುವುದು ಬಾಗಿಲ ಸಂದಿಯಿಂದ ಕೇಳಿಸಿತು.

"ಹೌದು, ಈ ಶನಿವಾರ ಮಧ್ಯಾಹ್ನ. ಈ ಸಲ ಐದು ಜನ. ಇನ್ನೊಂದು ಕುರ್ಚಿ ಹಾಕಿ."

ಐದು ಜನ. ಸಾಹೇಬರು ಕತ್ತಲೆ ಹಜಾರದಲ್ಲಿ ನಿಂತು ಬೆರಳು ಮಡಚಿದರು. ಹೆಂಡತಿ, ಮಗಳು, ತಾತ. ನಾಲ್ಕನೆಯದು ತಾವು. ಐದನೆಯದು ಮೇಲಿನ ಮನೆಯ ನರ್ಸಮ್ಮ ಇರಬೇಕು, ಇರಲಿ ಪಾಪ, ಒಂಟಿ ಜೀವ. ಆ ವಾಕ್ಯವನ್ನು ಇನ್ನು ಹೇಳುವ ಅಗತ್ಯವೇ ಇರಲಿಲ್ಲ. ಗುರುವಾರ ಬೆಳಗ್ಗೆ ಅವರು ಕಚೇರಿಗೆ ಸಿಳ್ಳೆ ಹಾಕಿಕೊಂಡು ಹೋದರು. ಟೈಪಿಸ್ಟಿಗೆ, ಶನಿವಾರ ಫ್ಯಾಮಿಲಿ ಜೊತೆ ಊಟ ಇದೆ ಎಂದು ಎರಡು ಸಲ ಹೇಳಿದರು. ಮಧ್ಯಾಹ್ನದ ಬಿಡುವಿನಲ್ಲಿ ಎರಡು ಪೆನ್ಸಿಲುಗಳಿಂದ ಗುಂಡುಪಿನ್ನು ಎತ್ತುವ ಅಭ್ಯಾಸ ಮಾಡಿದರು. ಆರನೆಯ ಸಲಕ್ಕೆ ಬಂತು.

ಮೂರು ಗಂಟೆಗೆ ಜವಾನ ಒಂದು ಕಾಗದ ತಂದಿಟ್ಟ. ಈ ಶನಿವಾರ ಗಡಿಯ ಸಂತೆಯಲ್ಲಿ ವಿಶೇಷ ತಪಾಸಣೆ, ಇನ್‌ಸ್ಪೆಕ್ಟರು ಬೆಳಗಿನ ಮೊದಲ ಬಸ್ಸಿಗೆ ಹೊರಡತಕ್ಕದ್ದು. ಕೆಳಗೆ ಡೆಪ್ಯುಟಿಯವರ ಸಹಿ.

ಸಾಹೇಬರು ಕಾಗದ ಹಿಡಿದು ಡೆಪ್ಯುಟಿಯವರ ಕೋಣೆಗೆ ಹೋದರು.

"ಸರ್, ಈ ಶನಿವಾರ ನಮ್ಮ ಸರದಿ ಅಲ್ಲ. ಬೇರೆ ಯಾರನ್ನಾದ್ರೂ ಕಳಿಸಿದ್ರೆ... ಮನೆಯವರ ಜೊತೆ ಊಟಕ್ಕೆ ಹೋಗೋದಿತ್ತು."

ಡೆಪ್ಯುಟಿಯವರು ಫೈಲಿನಿಂದ ತಲೆ ಎತ್ತಲಿಲ್ಲ.

"ಗೊತ್ತು ಕಣ್ರೀ. ನಿಮ್ಮ ಮನೆಯವರು ನಮ್ಮಿಬ್ಬರನ್ನೂ ಕರೆದಿದಾರೆ. ನನ್ನ ಹೆಂಡ್ತಿ ಅಂತೂ ಭಾನುವಾರದಿಂದ ಅದೇ ಜಪ. ನಿಮ್ಮ ಮಗಳು ಫೋನ್ ಮಾಡಿ, ಕ್ಯಾಂಪ್ ಇದ್ರೆ ಮಾತ್ರ ನಮಗೆ ಆಗೋದು ಅಂದ್ಲು. ಅದಕ್ಕೇ ಹಾಕಿದೀನಿ."

ಸಾಹೇಬರು ನಿಂತೇ ಇದ್ದರು. ಡೆಪ್ಯುಟಿಯವರಿಗೆ ಏನೋ ಅನ್ನಿಸಿರಬೇಕು, ಒಂದು ಕ್ಷಣ ಪೆನ್ನು ನಿಲ್ಲಿಸಿದರು.

"ನೀವು ಚಿಂತೆ ಮಾಡ್ಬೇಡಿ. ತಾತನಿಗೆ ಆಟೋ ಹತ್ತೋಕೆ ಕಷ್ಟ ಅಂತೆ. ನಾನೇ ಕಾರು ತಂದು ಕರ್ಕೊಂಡು ಹೋಗ್ತೀನಿ, ನಾನೇ ವಾಪಸು ಬಿಡ್ತೀನಿ."

"ಮುಂದಿನ ಬಾಗಿಲು ಪೂರ್ತಿ ತೆಗೀಬೇಕು ಸರ್," ಎಂದರು ಸಾಹೇಬರು. "ಅವರಿಗೆ ಬಲಗಾಲು ಮಡಚೋಕಾಗಲ್ಲ."

"ಸರಿ, ನೋಡ್ಕೋತೀನಿ. ಆ ಪ್ರತಿ ಮೇಲೆ ಒಂದು ಸಹಿ ಹಾಕಿ ಹೋಗಿ."

ಸಾಹೇಬರು ಬಗ್ಗಿ, ಆದೇಶದ ಕೆಳಗೆ, ಓದಿ ಒಪ್ಪಿಕೊಂಡಿದ್ದೇನೆ ಎಂದು ಬರೆದು ಸಹಿ ಹಾಕಿದರು.